ಚಷ್ಮಾ ತೆಗೆದಿಟ್ಟು ಹೋದ ಮೊದಲ ಭೇಟಿ

ಹೋದ ವಾರ ಬಚ್ಚಲಮನೆಯ ಕಪಾಟು ತೆಗೆದು ಒರೆಸುತ್ತಿದ್ದೆ. ಹಳೆಯ ರೇಜರು, ಹಲ್ಲುದುರಿದ ಬಾಚಣಿಗೆ, ಯಾವ ಕಾಲದ್ದೋ ಒಂದು ಸಾಬೂನಿನ ಚೂರು, ಇವುಗಳ ಹಿಂದೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಡಬ್ಬಿ ಸಿಕ್ಕಿತು. ಒಂದೇ ಒಂದು ಸಲ ಬಳಸಿದ್ದು. ಮುಚ್ಚಳ ತೆಗೆದು ನೋಡಿದರೆ ಒಳಗಿನದು ಒಣಗಿ ಬಿರುಕು ಬಿಟ್ಟಿತ್ತು. ಎಸೆಯಲೆಂದು ಎದ್ದವನು ಎಸೆಯದೆ ಅಲ್ಲೇ ಕಟ್ಟೆಯ ಮೇಲೆ ಕೂತು ನಗತೊಡಗಿದೆ. ಅರವತ್ತು ದಾಟಿದ ಗಂಡಸು ಬಚ್ಚಲಲ್ಲಿ ಒಬ್ಬನೇ ಕೂತು ನಗುವುದನ್ನು ಯಾರಾದರೂ ಕಂಡಿದ್ದರೆ ಮಗಳಿಗೆ ಫೋನ್ ಹೋಗುತ್ತಿತ್ತು.

ಕೂದಲಿಗೆ ಬಣ್ಣ ಹಚ್ಚುವ ರೂಢಿ ನಮ್ಮ ಮನೆತನದಲ್ಲಿಲ್ಲ. ನಮ್ಮಪ್ಪನ ತಲೆ ನಲವತ್ತಕ್ಕೇ ಬೆಳ್ಳಗಾಗಿತ್ತು. ಮುಂಜಾನೆ ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಡಿಯಲ್ಲಿ ಕೂತನೆಂದರೆ ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಸುರುವಾಯಿತು ಎಂದು ಹೇಳುವುದು ಕಷ್ಟ. ಅಂಗಡಿಯೆಂದರೆ ಚಷ್ಮಾದ ಅಂಗಡಿ. ಬೆಳಗಾವಿಯ ರವಿವಾರ ಪೇಟೆಯ ಒಂದು ಸಂದಿಯಲ್ಲಿ, ಒಂದು ಬಾಜು ಬೆಲ್ಲದ ಸಗಟು ವ್ಯಾಪಾರಿ, ಇನ್ನೊಂದು ಬಾಜು ಒಣಮೆಣಸಿನಕಾಯಿಯವನು, ನಡುವೆ ನಾವು. ಮೆಣಸಿನಕಾಯಿ ಘಾಟಿಗೆ ನಮ್ಮ ಗಿರಾಕಿಗಳ ಕಣ್ಣಲ್ಲಿ ಸದಾ ನೀರು. ಅದನ್ನು ಕಣ್ಣಿನ ದೋಷ ಎಂದು ಹೇಳಿ ಒಂದು ಚಷ್ಮಾವನ್ನೂ ಅಪ್ಪ ಮಾರಲಿಲ್ಲ ಎನ್ನುವುದು ನಮ್ಮ ಮನೆತನದ ದೊಡ್ಡ ಹೆಗ್ಗಳಿಕೆ.

ನಾನು ಸಾಲಿ ಬಿಟ್ಟೊಡನೆ ಅಂಗಡಿಗೆ ಬಂದು, ಕಣ್ಣು ತಪಾಸಣೆಯ ಪೆಟ್ಟಿಗೆಯಿಂದ ಒಂದೊಂದೇ ದುಂಡು ಗಾಜು ತೆಗೆದು ಕಣ್ಣಿಗೆ ಹಿಡಿದು ಪೇಟೆ ನೋಡುತ್ತಿದ್ದೆ. ಒಂದರಲ್ಲಿ ಹಮಾಲರು ಇರುವೆಯಷ್ಟಾಗುತ್ತಿದ್ದರು. ಇನ್ನೊಂದರಲ್ಲಿ ಚಕ್ಕಡಿ ಕರಗಿ ಗಾಳಿಯಲ್ಲಿ ತೇಲುತ್ತಿತ್ತು. ಹೀಗೆ ನೋಡಿ ನೋಡಿಯೇ ನಾನು ಕಣ್ಣು ಕೆಡಿಸಿಕೊಂಡೆ ಎಂದು ಅವ್ವ ಕೊನೆಯ ತನಕ ನಂಬಿದ್ದಳು. ಹತ್ತನೇ ವಯಸ್ಸಿಗೆ ನನಗೆ ಮೈನಸ್ ಎರಡು. ಈಗ ಮೈನಸ್ ನಾಲ್ಕೂವರೆ. ಚಷ್ಮಾ ತೆಗೆದರೆ ಎದುರಿಗೆ ಕೂತ ಮನುಷ್ಯ ನನಗೆ ಬಣ್ಣದ ಒಂದು ಗುಪ್ಪೆ, ಅಷ್ಟೇ.

ಹೆಂಡತಿ ಶಾರದಾ ತೀರಿಹೋಗಿ ಒಂಬತ್ತು ವರ್ಷವಾಯಿತು. ಲಗ್ನಕ್ಕೆ ಮೊದಲು ಅವಳನ್ನು ನೋಡಲು ಬೈಲಹೊಂಗಲಕ್ಕೆ ಹೋದಾಗ ನಮ್ಮ ಕಡೆಯಿಂದ ಹನ್ನೆರಡು ಮಂದಿ, ಅವರ ಕಡೆಯಿಂದ ಇಡೀ ಓಣಿ. ಮಾತೆಲ್ಲ ಹಿರಿಯರದೇ. ನನ್ನ ಪಾಲಿಗೆ ಬಂದದ್ದು ಶಿರಾ ಉಪ್ಪಿಟ್ಟಿನ ತಾಟು ಮತ್ತು ತಲೆ ಎತ್ತದೆ ಕೂರುವ ಕೆಲಸ. ನಾನು ಅವಳ ಕಾಲುಂಗುರವಿಲ್ಲದ ಬೆರಳು ನೋಡಿದೆ, ಅವಳು ಏನು ನೋಡಿದಳೋ ಗೊತ್ತಿಲ್ಲ. ಹತ್ತು ವರ್ಷದ ಮೇಲೆ ಒಂದು ದಿನ ಅಕ್ಕಿ ಆರಿಸುತ್ತ ಹೇಳಿದಳು: "ಬಾಗಲದಾಗ ಬಿಟ್ಟಿದ್ದ ನಿಮ್ಮ ಚಪ್ಪಲಿ ನೋಡಿದ್ದೆ. ಎರಡೂ ಒಂದ ಸಮ ಸವದಿದ್ದವು. ಈ ಮನಷ್ಯಾ ನೆಟ್ಟಗ ನಡ್ಯಾಂವ ಅಂತ ಹೂಂ ಅಂದೆ." ನಾನು ನೆಟ್ಟಗೆ ನಡೆದೆನೋ ಇಲ್ಲವೋ, ಆಕೆಯ ಜೊತೆಗೆ ನಡೆದ ಇಪ್ಪತ್ತಾರು ವರ್ಷ ಸುಖವಾಗಿತ್ತು.

ಇಷ್ಟು ಹೇಳಿದ್ದು ಯಾಕೆಂದರೆ, ಹೆಣ್ಣಿನ ಎದುರು ಒಬ್ಬನೇ ಕೂತು, ನನ್ನ ಬಾಯಿಂದ ನಾನೇ ನನ್ನ ಬಗ್ಗೆ ಹೇಳಿಕೊಳ್ಳುವ ಪ್ರಸಂಗ ಐವತ್ತೊಂಬತ್ತನೇ ವಯಸ್ಸಿನ ತನಕ ನನಗೆ ಬಂದೇ ಇರಲಿಲ್ಲ. ಹತ್ತೊಂಬತ್ತರಲ್ಲಿ ಕಲಿಯಬೇಕಾದ ವಿದ್ಯೆಯನ್ನು ಐವತ್ತೊಂಬತ್ತಕ್ಕೆ ಕಲಿಯಲು ಹೋದರೆ ಏನಾಗಬೇಕೋ ಅದೇ ಆಯಿತು.

ಸುರು ಮಾಡಿದವಳು ಮಗಳು ಅಶ್ವಿನಿ. ಟಿಳಕವಾಡಿಯಲ್ಲಿ ಅವಳ ಮನೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ವಾರಕ್ಕೊಮ್ಮೆ ಸಂಜೆ ಬಂದು ನನ್ನ ಫ್ರಿಜ್ ತೆರೆದು ನೋಡುವುದು ಅವಳ ಚಾಳಿ. ಒಂದು ಸಂಜೆ ಫ್ರಿಜ್ಜಿನಲ್ಲಿ ಏಳು ಸಣ್ಣ ಡಬ್ಬಿಗಳಲ್ಲಿ ಏಳು ದಿನದ ಉಳಿದ ಅನ್ನ ಕಂಡಿತು.

"ಅಪ್ಪಾ, ಇದೇನು ಮ್ಯೂಸಿಯಮ್ ಏನು?" ಎಂದಳು. ಆಮೇಲೆ ಡಬ್ಬಿಗಳನ್ನು ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ಒಬ್ಬಾವನ ಇರಬ್ಯಾಡ. ಯಾರರ ಮಾತಾಡಾಕ ಬೇಕು ನಿನಗ. ಅವ್ವಗ ಬ್ಯಾಸರ ಆಗಂಗಿಲ್ಲ."

ವಯಸ್ಸಾದವರು ಜೊತೆ ಹುಡುಕಿಕೊಳ್ಳಲೆಂದೇ ಫೋನಿನಲ್ಲಿ ಒಂದು ಆ್ಯಪ್ ಇದೆಯಂತೆ. ಅದರಲ್ಲಿ ನನ್ನ ಹೆಸರು, ಫೋಟೋ, ಎಲ್ಲ ಹಾಕಿದಳು. ಹವ್ಯಾಸ ಎಂಬಲ್ಲಿ "ರೇಡಿಯೋ ಕೇಳೂದು, ಶೇಂಗಾ ಹುರಿಯೂದು" ಅಂತ ಬರೆಯಲು ಹೇಳಿದೆ. ಅವಳು ಬರೆದದ್ದು ಸಂಗೀತ, ಅಡುಗೆ, ಟ್ರೆಕಿಂಗ್.

"ಟ್ರೆಕಿಂಗ್ ಯಾವಾಗ ಮಾಡೀನವಾ ನಾ?"

"ದಿನಾ ಮುಂಜಾನೆ ಕೋಟಿ ಕೆರಿ ಸುತ್ತ ಹಾಕ್ತಿಯಲ್ಲ, ಅದ."

ಮೊದಲ ತಿಂಗಳು ಒಬ್ಬರು ನನ್ನೊಡನೆ ಮೂರು ದಿನ ಮಾತಾಡಿದರು. ಮೊದಲ ದಿನ ರಕ್ತದ ಗುಂಪು ಕೇಳಿದರು, ಎರಡನೇ ದಿನ ಬಿಪಿ, ಮೂರನೇ ದಿನ ಶುಗರ್. ಹೇಳಿದೆ. "ನಮ್ಮ ಮನಿಯವರಿಗೂ ಕಡೀಕ ಇಷ್ಟ ಶುಗರ್ ಇತ್ರಿ," ಎಂದು ಬರೆದವರು ಮತ್ತೆ ಪತ್ತೆಯಿಲ್ಲ. ಇನ್ನೊಬ್ಬರು ಪುಣೆಯವರು, ಯಾರದೋ ಲಗ್ನಕ್ಕೆ ಬಂದಿದ್ದರು. ವಿಮಾನ ಹತ್ತುವ ಮೊದಲು ಅರ್ಧ ತಾಸು ಬಿಡುವಿದೆ, ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬನ್ನಿ ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಅಲ್ಲಿ ಅವರನ್ನು ಬೀಳ್ಕೊಡಲು ಒಂಬತ್ತು ಮಂದಿ ನೆಂಟರು ಬಂದಿದ್ದರು. ಆಕೆ ನನ್ನನ್ನು ನೋಡಿ ಗಾಬರಿಯಾಗಿ ಗುರುತಿಲ್ಲದವರಂತೆ ಮುಖ ತಿರುಗಿಸಿದರು. ನಾನು ನೆಂಟರ ನಡುವೆ ನುಸುಳಿ ನಿಂತೆ. ಅಷ್ಟರಲ್ಲಿ ಯಾರೋ "ಎಲ್ಲಾರೂ ಇತ್ತ ನೋಡ್ರಿ" ಎಂದು ಫೋಟೋ ತೆಗೆದರು. ಆ ಮನೆತನದ ಗುಂಪು ಫೋಟೋದಲ್ಲಿ ಬಲಗಡೆಯಿಂದ ಎರಡನೆಯವ ನಾನು. ಯಾರೆಂದುಕೊಂಡು ಇಟ್ಟುಕೊಂಡಿದ್ದಾರೋ ಇವತ್ತಿಗೂ ಗೊತ್ತಿಲ್ಲ.

ಸಾಕು ಎಂದು ಆ್ಯಪ್ ಮುಚ್ಚುವಷ್ಟರಲ್ಲಿ ಸುಲಭಾ ಎಂಬವರ ಸಂದೇಶ ಬಂತು. ಖಾನಾಪುರದವರು, ಮನೆಮಾತು ಮರಾಠಿ. ಅಲ್ಲಿನ ಸರಕಾರಿ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಹೆರಿಗೆ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತಿಯಾಗಿದ್ದರು. ನನಗಿಂತ ಒಂದು ವರ್ಷ ದೊಡ್ಡವರು. ಅವರ ಮೊದಲ ಪ್ರಶ್ನೆ: "ಫೋಟೋದಾಗ ನೀವು ಯಾಕ ಉಸರ ಹಿಡಕೊಂಡೀರಿ?" ಖರೇ ಹೇಳಿದೆ, ಹೊಟ್ಟೆ ಒಳಗೆ ಎಳೆದುಕೊಂಡಿದ್ದೆ ಎಂದು. "ಬಿಟ್ಟಬಿಡ್ರಿ, ಜೀವಕ್ಕ ಚಲೋ ಅಲ್ಲ," ಎಂದು ಬರೆದರು. ಒಂದು ತಿಂಗಳು ಹೀಗೇ ಬರೆದುಕೊಂಡೆವು. ಮುಂಜಾನೆ ಎದ್ದೊಡನೆ ಫೋನ್ ನೋಡುವ ಚಟ ಹತ್ತಿತು. ಕಡೆಗೆ ಒಂದು ಬುಧವಾರ, ನನ್ನ ಅಂಗಡಿಯ ಸೂಟಿಯ ದಿನ, ಬೆಳಗಾವಿಯ ಒಂದು ಚಹಾದ ಹೋಟೆಲಿನಲ್ಲಿ ನಾಲ್ಕು ಗಂಟೆಗೆ ಭೇಟಿ ಎಂದಾಯಿತು. "ನೀಲಿ ಸೀರಿ ಉಟ್ಟಿರ್ತೀನಿ," ಎಂದಿದ್ದರು.

ಆ ಕಪ್ಪು ಬಣ್ಣದ ಡಬ್ಬಿ ತಂದದ್ದು ಆ ದಿನ ಮುಂಜಾನೆ. ಹೇಗೆ ಹಚ್ಚಬೇಕೆಂದು ಯಾರನ್ನು ಕೇಳುವುದು? ಹಲ್ಲುಜ್ಜುವ ಬ್ರಷ್ಷಿನಿಂದ ಬಳಿದುಕೊಂಡೆ. ಕನ್ನಡಿಯಲ್ಲಿ ಯಾರೋ ಅಪರಿಚಿತ ನಾಟಕದವನು ಕಂಡ. ಅವನ ಮುಖದ ಮೇಲೆ ನನ್ನ ದಪ್ಪ ಗಾಜಿನ ಚಷ್ಮಾ ಶೋಭಿಸಲಿಲ್ಲ. ನಲವತ್ತು ವರ್ಷ ಮಂದಿಗೆಲ್ಲ "ಚಷ್ಮಾ ಹಾಕ್ಕೊಂಡ್ರ ಏನ್ರಿ ನಾಚಿಕಿ, ಮುಖಕ್ಕ ಒಂದ ಕಳಾ ಬರತೈತಿ" ಎಂದು ಹೇಳಿ ಹೊಟ್ಟೆ ಹೊರೆದವನು ನಾನು. ಆದರೂ ಹೋಟೆಲಿನ ಬಾಗಿಲಲ್ಲಿ ನಿಂತು ಚಷ್ಮಾ ತೆಗೆದು ಕಿಸೆಯಲ್ಲಿಟ್ಟುಕೊಂಡೆ. ಒಳಗೆ ನೋಡಿದೆ. ಗೋಡೆಯ ಬಾಜು ಒಂದು ನೀಲಿ ಗುಪ್ಪೆ ಕಂಡಿತು. ದೇವರ ಮೇಲೆ ಭಾರ ಹಾಕಿ ನಡೆದೆ.

"ಭಾಳ ಹೊತ್ತಾತೇನ್ರಿ ಬಂದು?" ಎಂದೆ.

"ಇಲ್ರಿ, ಈಗ ಬಂದೆ. ಫೋನಿನ್ಯಾಗ ಮಾತಾಡಿದವರು ನೀವ ಅಲ್ಲೇನ್ರಿ?"

"ಹೌದ್ರಿ, ನಾನ."

"ಕುಂದರ್ರಿ. ನೇರ ಮಾತಾಡೂಣು. ನನಗ ಸುತ್ತಿ ಬಳಸಿ ಮಾತಾಡಾಕ ಬರಂಗಿಲ್ಲ. ಎಷ್ಟ ಮಂದಿ ಇರ್ತೀರಿ?"

ಸಂದೇಶದಲ್ಲಿ ಅಷ್ಟು ನಗುನಗುತ್ತ ಬರೆಯುವವರು ಎದುರಿಗೆ ಇಷ್ಟು ಬಿಗಿಯೇ ಎಂದು ಅನಿಸಿತು. ಮೊದಲ ಭೇಟಿ, ಅವರಿಗೂ ಸಂಕೋಚ ಇರಬಹುದು.

"ಒಬ್ಬನ ರೀ. ಮಗಳದು ಲಗ್ನ ಆಗೇತಿ, ಆಕಿ ತನ್ನ ಮನ್ಯಾಗ ಇರ್ತಾಳ."

"ಚಲೋ ಆತು. ಸಣ್ಣ ಹುಡುಗರ ಗದ್ದಲ ನನಗ ಆಗಂಗಿಲ್ಲ. ಮ್ಯಾಲಿನ ಖೋಲಿ ನಿಮಗ, ಕೆಳಗ ನಾ ಇರಾಕಿ. ಪಾವಟಿಗಿ ಹೊರಗಿನಿಂದನ ಐತಿ. ನೀವು ಯಾವಾಗ ಬಂದ್ರಿ, ಯಾವಾಗ ಹೋದ್ರಿ ಅಂತ ನಾ ಕೇಳಂಗಿಲ್ಲ."

ಎಷ್ಟು ಮುಂದುವರಿದ ವಿಚಾರ! ನನಗೆ ಒಳಗೊಳಗೇ ಗೌರವ ಹುಟ್ಟಿತು. ಏನೋ ಒಂದು ಮಾತಾಡಬೇಕಲ್ಲ ಎಂದು, "ಮೊದಲಿನವರು..." ಎಂದು ಮೆಲ್ಲಗೆ ಎತ್ತಿದೆ. ಅವರ ಗಂಡನ ಸುದ್ದಿ ನಮ್ಮ ನಡುವೆ ಬಂದಿರಲಿಲ್ಲ.

"ಅವರ ಹೆಸರ ತಗೀಬ್ಯಾಡ್ರಿ! ನಾಕ ವರ್ಷ ಇದ್ದರು. ಏನ ತ್ರಾಸ ಕೊಟ್ಟಾರಂತೀರಿ. ಗ್ವಾಡಿ ತುಂಬ ಮೊಳಿ ಹೊಡದ್ರು. ಹೊರಗ ಹಾಕೂದರಾಗ ನನ್ನ ಜೀವ ಹಣ್ಣಾತು."

"ಪಾಪ, ಎಷ್ಟ ನೊಂದೀರೋ. ಈಗ ಎಲ್ಲಿ ಅದಾರ್ರಿ?"

"ಶಹಾಪುರದಾಗ ಯಾರೋ ಇನ್ನೊಬ್ಬಾಕಿ ಮನ್ಯಾಗ ಅದಾರಂತ. ಆಕಿನೂ ಈಗ ಅಳಾಕತ್ತಾಳಂತ."

"ಛೇ ಛೇ."

"ಅದಕ್ಕ ಈಗ ನಾ ಹನ್ನೊಂದ ತಿಂಗಳ ಕರಾರ ಮಾಡ್ತೀನಿ. ಸೇರಿದ್ರ ಮುಂದುವರಸೂದು, ಇಲ್ಲಾಂದ್ರ ನಿಮ್ಮ ದಾರಿ ನಿಮಗ."

ನಾನು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದೆ. "ಹನ್ನೊಂದ ತಿಂಗಳಿಗೊಮ್ಮೆ ಹೊಸಾದು ಮಾಡೂದೇನ್ರಿ?"

"ಎಲ್ಲಾರೂ ಹಂಗ ಮಾಡ್ತಾರಲ್ರಿ ಈಗ."

"ಆದ್ರ... ಅದಕ್ಕೂ ಮೊದಲ ನಾವು ಒಬ್ಬರಿಗೊಬ್ಬರು ಸ್ವಲ್ಪ ಅರ್ಥ ಆಗಬೇಕಲ್ರಿ."

"ಇದರಾಗ ಅರ್ಥ ಆಗೂದು ಏನೈತ್ರಿ? ನೀರ ಒಂದಿನ ಬಿಟ್ಟ ಒಂದಿನ ಬರತೈತಿ, ಟಾಕಿ ದೊಡ್ಡದೈತಿ. ಈಗ ಬರ್ರಿ ನನ್ನ ಜೋಡಿ, ನೋಡೇ ಬಿಡ್ರಿ."

"ಏನ ನೋಡೂದ್ರಿ?"

"ಮನಿ ರೀ! ಬಾಡಿಗಿ ಮನಿ! ಅದಕ್ಕಲ್ಲೇನು ನೀವು ಬಂದದ್ದು?"

ಬಾಜೂ ಮೇಜಿನಿಂದ ಚಹಾ ನೆತ್ತಿಗೇರಿದ ಕೆಮ್ಮು ಕೇಳಿಸಿತು. ಮನೆಯೊಡತಿ ಎದ್ದು, ಚೀಲ ಎತ್ತಿಕೊಂಡು, "ಎಂಥೆಂಥಾ ಮಂದಿ ಇರ್ತಾರವ್ವ," ಎಂದು ಯಾರಿಗೋ ಹೇಳುವಂತೆ ಹೇಳಿ ಹೋದರು. ಕೆಮ್ಮುತ್ತಿದ್ದ ಇನ್ನೊಂದು ನೀಲಿ ಗುಪ್ಪೆ ತನ್ನ ಕಪ್ಪು-ಬಶಿ ಹಿಡಿದು ನನ್ನ ಎದುರು ಬಂದು ಕೂತಿತು.

"ಮನಿ ಪಸಂದ ಬಂತೇನ್ರಿ, ಮಹಾಂತೇಶ ಅವರ?"

ನನ್ನ ಹೆಸರು ಮಹಾಂತೇಶ. ಆ ಕ್ಷಣ ಅದನ್ನು ಬಿಟ್ಟುಕೊಟ್ಟು ಬೇರೆ ಯಾರಾದರೂ ಆಗಲು ಸಿದ್ಧನಿದ್ದೆ.

"ಮೊದ್ಲ ಕಿಸೆದಾಗಿನ ಚಷ್ಮಾ ಹಾಕ್ಕೋರಿ. ಬಾಗಲದಾಗ ನಿಂತ ತಗದಿಟ್ಟದ್ದ ನೋಡೀನಿ."

ಹಾಕಿಕೊಂಡೆ. ಬೆಳ್ಳನೆಯ ಕೂದಲನ್ನು ಹಿಂದೆ ಬಿಗಿದು ಕಟ್ಟಿದ, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡ ಒಬ್ಬ ಹೆಣ್ಣುಮಗಳು ಕಂಡರು.

"ನೋಡಿದ ಮ್ಯಾಲ ನನ್ನ ಕರೀಬೇಕಾಗಿತ್ತಲ್ರಿ?"

"ಕರಿಯಾಕ ಎದ್ದಿದ್ದೆ. ಅಷ್ಟರಾಗ ನಿಮ್ಮ ಮಾತ ರಂಗಿಗೆ ಬಂದಿತ್ತು. ಹನ್ನೊಂದ ತಿಂಗಳ ಕರಾರಿಗೆ ಒಪ್ಪತೀರೋ ಇಲ್ಲೋ ಕೇಳೂಣಂತ ಕುಂತೆ." ಹೀಗೆಂದು ಚೀಲದಿಂದ ಒಂದು ಉಂಡೆ ಅರಳೆ ತೆಗೆದು ಕೊಟ್ಟರು. "ತಗೋರಿ. ಕಿವಿ ಹಿಂದ ಕಪ್ಪ ಇಳ್ಯಾಕತ್ತೈತಿ."

ಬೆವರಿಗೆ ಬಣ್ಣ ಕರಗಿ ಕಾಲರಿನ ತನಕ ಬಂದಿತ್ತು. ಒರೆಸಿಕೊಂಡೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಮಾತು ಸರಾಗವಾಯಿತು. ಎರಡು ತಾಸು ಕೂತೆವು. ಅವರು ತಮ್ಮ ಮದುವೆಯ ಕತೆ ಹೇಳಿದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಆದದ್ದು, ಹದಿನಾಲ್ಕು ತಿಂಗಳು ನಡೆದದ್ದು. ಆ ಮನೆಯಲ್ಲಿ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಯಾರೂ ಹೆಸರು ಹಿಡಿದು ಕರೆಯಲೂ ಇಲ್ಲ. ಒಂದು ದಿನ ಟ್ರಂಕು ಎತ್ತಿಕೊಂಡು ಹೊರಬಿದ್ದು ನರ್ಸ್ ತರಬೇತಿಗೆ ಸೇರಿದರಂತೆ. "ಆಮ್ಯಾಲ ಎಲ್ಲಾರೂ ಸಿಸ್ಟರ್ ಅಂದ್ರು. ಅದನ್ನ ಹೆಸರ ಮಾಡ್ಕೊಂಡೆ," ಎಂದರು. ಹೇಳುವಾಗ ನಗುತ್ತಿದ್ದರು, ಆದರೆ ಬಶಿಯಲ್ಲಿದ್ದ ಚಹಾ ಹಾಗೇ ಆರಿಹೋಗಿತ್ತು. ಬಸ್ ಹತ್ತಿ ಕೂತು ಕಿಟಕಿಯಿಂದ ಹೇಳಿದರು: "ಮುಂದಿನ ಬುಧವಾರ ನಮ್ಮೂರಿಗೆ ಬರ್ರಿ. ಊಟಕ್ಕ ಭಾಕರಿ ಝುಣಕಾ ಮಾಡ್ತೀನಿ."

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಖಾನಾಪುರದ ಸಂಗತಿ ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದಂತೆ.

ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವರು ನಿಂತಿದ್ದರು. ಊಟಕ್ಕೆ ಇನ್ನೂ ಹೊತ್ತಿದೆ, ಹೊಳಿತನಕ ಹೋಗಿ ಬರೂಣು ಎಂದರು. ಬಸ್‌ಸ್ಟ್ಯಾಂಡಿನಿಂದ ಮಲಪ್ರಭಾ ಹೊಳೆಗೆ ಬಹಳ ದೂರವೇನಿಲ್ಲ. ನಮಗೆ ಮುಕ್ಕಾಲು ತಾಸು ಹಿಡಿಯಿತು. ಹತ್ತು ಹೆಜ್ಜೆಗೊಬ್ಬರು "ನಮಸ್ಕಾರ ಸಿಸ್ಟರ್" ಎಂದು ನಿಲ್ಲುತ್ತಿದ್ದರು. ನಿಂತವರು ಮುಂದೆ ಹೋದ ಮೇಲೆ ನನಗೆ ಅವರ ಪರಿಚಯವಾಗುತ್ತಿತ್ತು.

"ಈ ಬಾಳಿಹಣ್ಣಿನಾಂವ ಕಾಲ ಮುಂದ ಮಾಡಿ ಹುಟ್ಟಿದಾಂವ. ಇನ್ನೂ ಹಂಗ ಅದಾನ, ಎಲ್ಲಾದಕ್ಕೂ ಉಲ್ಟಾ." "ಈಕಿ ಹುಟ್ಟಿದಾಗ ಅಳಲೇ ಇಲ್ಲ. ಬೆನ್ನಿಗೆ ಬಡದು ಅಳಸಿದೆ. ಈಗ ವಕೀಲಿಕಿ ಮಾಡ್ತಾಳ, ಬಾಯಿ ಮುಚ್ಚಸಾಕ ಆಗಂಗಿಲ್ಲ." ಒಬ್ಬ ಪೊಲೀಸ್ ಹವಾಲ್ದಾರ ಗಾಡಿ ನಿಲ್ಲಿಸಿ ನಮಸ್ಕಾರ ಮಾಡಿದ. "ನಾಕ ಪೌಂಡ್ ಇದ್ದ. ಉಳಿಯಂಗಿಲ್ಲ ಅಂದಿದ್ರು," ಎಂದರು ಸುಲಭಾ, ಅವನ ಹೊಟ್ಟೆಯ ಕಡೆ ಸಮಾಧಾನದಿಂದ ನೋಡುತ್ತ.

ಇವರೆಲ್ಲ ಅವರಿಗೆ ನಮಸ್ಕಾರ ಮಾಡಿ, ಒಂದು ಕ್ಷಣ ಹೆಚ್ಚು ನಿಂತು, ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ ಹೋಗುತ್ತಿದ್ದರು. ಅರ್ಧ ಊರು ಅವರ ಮಕ್ಕಳು. ಇಷ್ಟು ದೊಡ್ಡ ಕುಟುಂಬದ ಎದುರು ವರನಾಗಿ ನಡೆಯುತ್ತಿದ್ದೇನೆ ಅನ್ನುವುದು ಹೊಳೆ ಹತ್ತಿರ ಬಂದಂತೆ ನನಗೆ ಅರಿವಾಯಿತು.

ಹೊಳೆಗಿಳಿಯುವ ಘಾಟಿನ ಮೆಟ್ಟಿಲ ಬಳಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕೊಡೆಯೂರಿಕೊಂಡು ನಿಂತಿದ್ದರು. ಉಳಿದವರು ಕಣ್ಣಲ್ಲಿ ಕೇಳಿದ್ದನ್ನು ಅವರು ಬಾಯಲ್ಲೇ ಕೇಳಿದರು.

"ಹೇ ಕೋಣ, ಸಿಸ್ಟರ್?" ಮರಾಠಿಯಲ್ಲಿ, ಇವರು ಯಾರು ಎಂದು.

ಸುಲಭಾ ನನ್ನ ಕಡೆ ಒಮ್ಮೆ ನೋಡಿ, ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ನಡುವೆ ಹಾರಿದೆ. ಮಾಸ್ತರರ ದನಿ ಕೇಳಿದರೆ ಇವತ್ತಿಗೂ ನನಗೆ ಮನೆಗೆಲಸ ಮಾಡದೆ ಬಂದ ಭಾವ ಬರುತ್ತದೆ.

"ನಾ ಬೆಳಗಾಂವ್ಯಾಗ ಚಷ್ಮಾದ ಅಂಗಡಿ ಇಟ್ಟೀನ್ರಿ. ಸಿಸ್ಟರ್ ಅವರ ಕಣ್ಣಿನ ನಂಬರ ಬದಲಾಗೇತಂತ, ಅದನ್ನ ನೋಡಾಕ ಬಂದೀನಿ."

"ಮನಿತನಕ ಬಂದು ನೋಡ್ತೀರಿ? ವಾ! ನನ್ನ ಎಡಗಣ್ಣಿಗೂ ಮಂಜ ಕವದೈತ್ರಿ."

"ನೋಡೂಣ್ರಿ, ನೋಡೂಣ್ರಿ," ಎಂದೆ. ಪಾರಾದೆ ಎಂದುಕೊಂಡೆ.

ತಿರುಗಿ ಬರುವಾಗ ಸುಲಭಾ ಯಾರ ಹುಟ್ಟಿನ ಕತೆಯನ್ನೂ ಹೇಳಲಿಲ್ಲ. ಅವರ ಮನೆಯ ಕಡೆ ತಿರುಗುವ ಓಣಿ ಬಂತು, ಅವರು ತಿರುಗಲಿಲ್ಲ. ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದರು. ಊಟದ ಮಾತು ಎತ್ತುವ ಧೈರ್ಯ ನನಗೂ ಬರಲಿಲ್ಲ. ಬೆಳಗಾವಿ ಬಸ್ಸಿನ ಮೆಟ್ಟಿಲ ಮೇಲೆ ನಾನು ಒಂದು ಕಾಲು ಇಟ್ಟಾಗ ಹೇಳಿದರು:

"ನಾ ಹೇಳಾಕ ಬಾಯಿ ತಗದಿದ್ದೆ, ಮಹಾಂತೇಶ ಅವರ. ಈ ಊರಾಗ ಮೂವತ್ತೊಂದ ವರ್ಷ ಮಂದಿ ಸುದ್ದಿ ನಾ ಕೇಳೀನಿ. ನನಗ ಅಂತ ಹೇಳಾಕ ಏನರ ಇದ್ದದ್ದು ಇವತ್ತ ಮೊದ್ಲ."

ಬಸ್ಸು ಹೊರಟಿತು. ಹೊಟ್ಟೆ ಹಸಿದಿತ್ತು, ಆದರೆ ಹಸಿವೆಯ ಬಗ್ಗೆ ದೂರಲು ನನಗೆ ಮುಖವಿರಲಿಲ್ಲ.

ಮರುದಿನದಿಂದ ಮುಂಜಾನೆ ಫೋನ್ ಸುಮ್ಮನಾಯಿತು. ಬರೆದು ಅಳಿಸಿದೆ, ಅಳಿಸಿ ಬರೆದೆ. ಕಡೆಗೆ ಬೆರಳು ಸೋತು, ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯ ಒತ್ತಿ, "ನನ್ನಿಂದ ತಪ್ಪಾಯಿತು" ಎಂದು ಹೇಳಿ ಕಳಿಸಿದೆ. ಕಳಿಸಿದ ಮೇಲೆ ಓದಿದೆ. "ನನ್ನಿಂದ ದಪ್ಪಾಯಿತು" ಎಂದು ಹೋಗಿತ್ತು. ಅವರು ಓದಿದ ಗುರುತಿಗೆ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಅಶ್ವಿನಿ ಎಲ್ಲ ಕೇಳಿ ಹಣೆಗೆ ಕೈ ಹಚ್ಚಿಕೊಂಡಳು. "ಅಪ್ಪಾ, ನೀ ಅಲ್ಲಿಗೆ ಚಷ್ಮಾ ಮಾರಾಕ ಹೋಗಿದ್ದೇನು?" ಎಂದಳು. ನಂತರ "ನಾಚಿಕಿ ಬಂತೇನು ನಿನಗ, ಅವರ ಜೋಡಿ ಕಾಣಾಕ?" ಎಂದು ಕೇಳಿದಳು. ಅಲ್ಲವೆಂದೆ. ಆದರೆ ರಾತ್ರಿ ಹಾಸಿಗೆಯಲ್ಲಿ ಯೋಚಿಸಿದಾಗ ಅದು ಪೂರ್ತಿ ಖರೇ ಅನಿಸಲಿಲ್ಲ. ಅವರ ಬಗ್ಗೆ ನನಗೆ ನಾಚಿಕೆಯಿರಲಿಲ್ಲ; ಈ ವಯಸ್ಸಿನಲ್ಲಿ ನನಗೊಂದು ಆಸೆ ಇದೆ ಅನ್ನುವುದು ಮಂದಿಗೆ ಗೊತ್ತಾಗುವ ಬಗ್ಗೆ ಇತ್ತು. ಸುಲಭಾ ಅದೇ ನಾಚಿಕೆಯನ್ನು ದಾಟಿ, ತಮ್ಮದೇ ಊರಿನ ನಡುಬೀದಿಯಲ್ಲಿ ನನ್ನನ್ನು ಕರೆದುಕೊಂಡು ನಡೆದಿದ್ದರು.

ಹನ್ನೆರಡನೇ ದಿನ ಸುಲಭಾ ಅವರ ಫೋನ್ ಬಂತು. ಕುಶಲವಿಲ್ಲ, ಏನಿಲ್ಲ. "ಬುಧವಾರ ನಿಮ್ಮ ಸಾಮಾನ ತಗೊಂಡ ಬರ್ರಿ. ಚಷ್ಮಾದವರು ಬರ್ತಾರಂತ ಮಾಸ್ತರು ಊರೆಲ್ಲ ಹೇಳ್ಯಾರ. ದಿನಾ ಮಂದಿ ಬಂದು ಬಾಗಲಾ ಬಡ್ಯಾಕತ್ತಾರ," ಎಂದು ಇಟ್ಟುಬಿಟ್ಟರು.

ಗಾಜಿನ ಪೆಟ್ಟಿಗೆ, ಅಕ್ಷರದ ತಖ್ತೆ ಹೊತ್ತುಕೊಂಡು ಹೋದೆ. ಹೆಂಚಿನ ಮನೆಯ ಮುಂದಿನ ಕಟ್ಟೆಯ ಮೇಲೆ ಹದಿನಾಲ್ಕು ಮಂದಿ ಕೂತಿದ್ದರು. ಮಾಸ್ತರರು ಮೊದಲನೆಯವರು. ಸುಲಭಾ ಕೈಯಲ್ಲಿ ಒಂದು ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು, ದವಾಖಾನೆಯ ದನಿಯಲ್ಲಿ "ಮುಂದಿನವರು!" ಎಂದು ಕೂಗುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನಾನು ಗೋಡೆಗೆ ತಖ್ತೆ ತೂಗುಹಾಕಿ ಕೆಲಸಕ್ಕೆ ಕೂತೆ. ಮಾಸ್ತರರ ಬಲಗಣ್ಣಿಗೆ ಒಂದೂವರೆ, ಎಡಗಣ್ಣಿಗೆ ಎರಡೂಕಾಲು ಬರೆದೆ. ಮಂಜು ಕವಿದದ್ದಕ್ಕೆ ಮಾತ್ರ ಕಣ್ಣಿನ ಡಾಕ್ಟರರನ್ನೇ ಕಾಣಬೇಕೆಂದು ಹೇಳಿದೆ. ಬಾಳೆಹಣ್ಣಿನವನು ತಖ್ತೆಯನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿದ. ಹವಾಲ್ದಾರ ಒಂದು ಅಕ್ಷರವೂ ಕಾಣದಿದ್ದರೂ ಎಲ್ಲ ಕಾಣುತ್ತದೆಂದು ವಾದಿಸಿದ. ಎರಡು ತಾಸಿನಲ್ಲಿ ಹದಿಮೂರು ಮಂದಿ ಮುಗಿದರು. ಮುಗಿದವರು ಯಾರೂ ಮನೆಗೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಒಬ್ಬರ ನಂಬರು ಒಬ್ಬರಿಗೆ ಹೇಳಿಕೊಳ್ಳುತ್ತಿದ್ದರು.

ಕೊನೆಯವಳು ಯಶೋದಾ ಆಯಿ. ಎಂಬತ್ತರ ಮೇಲಿನ ಮುದುಕಿ, ಸುಲಭಾ ಅವರ ಓಣಿಯವಳು. ಅಕ್ಷರ ಬಾರದು ಎಂದಳು. ಬೆರಳು ತೋರಿಸಿ, ಎಷ್ಟು ಎಂದು ಕೇಳಿ, ನಂಬರು ತೆಗೆದೆ. ಏಳಲು ನಾನು ಕೈ ಕೊಟ್ಟಾಗ ಆಕೆ ಏಳದೆ ಬಾಗಿಲ ಕಡೆ ಗದ್ದ ಎತ್ತಿ ಹೇಳಿದಳು:

"ಈಗ ಸಿಸ್ಟರದ ನೋಡಪಾ. ಆಕಿದ ನೋಡಾಕ ಬಂದಾವಂತ ನೀ, ನಮ್ಮದ ನೋಡಕೋತ ಕುಂತಿ."

ಎಲ್ಲರೂ ನಕ್ಕರು. ಸುಲಭಾ ನಗಲಿಲ್ಲ. ಪಟ್ಟಿಯನ್ನು ಮಡಿಸುತ್ತ ನಿಂತಿದ್ದರು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದರು. ನಾನು ಎದ್ದು ನಿಂತೆ. ಮೊದಲಿನ ಸಾಲಿನಲ್ಲಿ ಮಾಸ್ತರರು ಕೂತದ್ದರಿಂದ ಅವರಿಗೇ ಹೇಳಿದೆ.

"ಮಾಸ್ತರ, ನಾ ಆವತ್ತ ನಿಮಗ ಸುಳ್ಳ ಹೇಳಿದೆ. ಸಿಸ್ಟರ್ ಕಣ್ಣ ಚಲೋ ಅದಾವ. ನಾ ಬಂದದ್ದು ಅವರನ್ನ ನೋಡಾಕ. ನನ್ನ ಹೆಂಡತಿ ತೀರಿಕೊಂಡಾಳ, ಮನ್ಯಾಗ ಒಬ್ಬನ ಅದೀನಿ. ಇವರು ಒಪ್ಪಿದ್ರ ಜೋಡಿಲೆ ಇರಬೇಕಂತ ನನ್ನ ಆಸೆ. ಹೊಳಿ ದಂಡ್ಯಾಗ ನಿಮ್ಮ ಮುಂದ ಹೇಳಾಕ ಹೆದರಿದೆ. ಅದಕ್ಕ ಈಗ ಎಲ್ಲಾರ ಮುಂದ ಹೇಳಾಕತ್ತೀನಿ. ಸುಲಭಾ ಅವರ, ನನ್ನಿಂದ ತಪ್ಪಾತು."

ಮಾಸ್ತರರು ಗಂಟಲು ಸರಿ ಮಾಡಿಕೊಂಡರು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

"ಅಂದ್ರ," ಎಂದರು ಮಾಸ್ತರರು, "ನನ್ನ ಎಡಗಣ್ಣಿಗೆ ಬರದ ನಂಬರ ಖರೇನೋ, ಸುಳ್ಳೋ?"

"ಅದು ಖರೇ ಐತ್ರಿ."

"ಹಂಗಾರ ನಂದೇನ ತಕರಾರ ಇಲ್ಲ," ಎಂದು ಅವರು ಕೊಡೆ ಊರಿಕೊಂಡು ಸುಲಭಾ ಅವರ ಕಡೆ ನೋಡಿದರು. ಎಲ್ಲರೂ ನೋಡಿದರು.

ಸುಲಭಾ ಪಟ್ಟಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಹತ್ತಿರ ಬಂದರು. ನನ್ನ ಎಡಗೈ ಎತ್ತಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ತಮ್ಮ ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದರು. ಒಂದು ನಿಮಿಷ ಬಲು ಉದ್ದ ಎನ್ನುವುದು ನನಗೆ ಆಗ ಗೊತ್ತಾಯಿತು. ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿದ್ದು ನನ್ನ ಚಷ್ಮಾದಲ್ಲಿ ಸ್ವಚ್ಛ ಕಂಡಿತು.

"ನೂರಾ ಹನ್ನೆರಡ ಐತಿ," ಎಂದರು. ಎಣಿಕೆ ಮುಗಿದಿದ್ದರೂ ಬೆರಳು ತೆಗೆದಿರಲಿಲ್ಲ.

"ಹೂಂ ಅಂತ ಹೇಳವಾ ಸಿಸ್ಟರ್," ಎಂದಳು ಯಶೋದಾ ಆಯಿ ಕೂತಲ್ಲಿಂದಲೇ. "ಇಲ್ಲಾಂದ್ರ ಈ ಮನಷ್ಯಾ ಇಲ್ಲೇ ಬೀಳ್ತಾನ."

"ಬೀಳಂಗಿಲ್ಲ ಬಿಡ್ರಿ ಆಯಿ," ಎಂದರು ಸುಲಭಾ. "ನಾ ಹಿಡದೀನಲ್ಲ."